ತೆರೆಯದ ಗೇಟಿಗೆ ಸಾವಿರದ ಆರುನೂರ ಐವತ್ತು!

ಆಗೆಲ್ಲ ಬೆಂಗಳೂರಿನಲ್ಲಿ ಹುಲಿ ನೋಡಬೇಕೆಂದರೆ ಬನ್ನೇರುಘಟ್ಟದ ತನಕ ಹೋಗಬೇಕಿರಲಿಲ್ಲ ಸ್ವಾಮೀ! ರಸ್ತೆಬದಿಯಲ್ಲಿ ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷ ಮರೆಯಾದರೆ ಸಾಕು, ಹುಲಿಯೇ ಹುಡುಕಿಕೊಂಡು ಬರುತ್ತಿತ್ತು. ಗಾಡಿಗಳನ್ನು ಎತ್ತಿಕೊಂಡು ಹೋಗುವ ಲಾರಿಗೆ ನಮ್ಮ ಜನ ಇಟ್ಟ ಹೆಸರು ‘ಟೈಗರ್’. ಮುಂದುಗಡೆ ಮೈಕು ಹಿಡಿದ ಪೊಲೀಸ್ ಸಾಹೇಬರು, ಹಿಂದುಗಡೆ ಗುತ್ತಿಗೆದಾರನ ಹುಡುಗರು. ಎತ್ತಿದಷ್ಟೂ ಗುತ್ತಿಗೆದಾರನಿಗೆ ಲಾಭ. ಆ ಹುಡುಗರು ಇಳಿದು, ಎತ್ತಿ, ಏರಿಸಿ ಹೊರಡುವ ವೇಗ ನೋಡಿದರೆ ನಮ್ಮ ಫೈಟ್ ಮಾಸ್ಟರುಗಳು ನಾಚಬೇಕು!

2021ರ ಅಕ್ಟೋಬರ್. ಗಾಂಧಿನಗರದ ಒಂದು ಅಡ್ಡರಸ್ತೆ. ಬರಬೇಕಾಗಿದ್ದ ಸಂಭಾವನೆ ಕೇಳೋಣವೆಂದು ಒಂದು ಆಫೀಸಿನ ಮೂರನೇ ಮಹಡಿ ಹತ್ತಿದ್ದೆ. (ಸಿಕ್ಕಿತೇ ಎಂದು ಕೇಳಬೇಡಿ, ಅದು ಬೇರೆಯೇ ಕಥೆ.) ಇಳಿದು ಬಂದರೆ ಸ್ಕೂಟರ್ ಮಾಯ! ಎದುರು ಬೋಂಡಾ ಕರಿಯುತ್ತಿದ್ದ ಹೆಂಗಸು ಜಾಲರಿ ಸೌಟು ಎತ್ತಿ ಹೇಳಿದಳು: “ಟೈಗರ್ ಎತ್ಕೊಂಡೋಯ್ತು ಕಣಣ್ಣ. ಗೇಟಿಗಡ್ಡ ನಿಲ್ಸಿದ್ದೆಯಂತೆ.”

ಯಾವ ಗೇಟು? ತಿರುಗಿ ನೋಡಿದೆ. ಗೇಟೇನೋ ಇತ್ತು. ತುಕ್ಕು ಹಿಡಿದ ಸರಪಳಿ, ಮುಷ್ಟಿ ಗಾತ್ರದ ಬೀಗ, ಬೀಗದ ಸುತ್ತ ಜೇಡರ ಬಲೆ. ಗೇಟಿನ ಹಿಂದೆ ನಾಲ್ಕಡಿ ದೂರದಲ್ಲಿ ಅಡ್ಡಲಾಗಿ ಇಟ್ಟಿಗೆ ಗೋಡೆ! ಕಟ್ಟಡದವರು ಹಿಂದಿನ ರಸ್ತೆಗೆ ಬಾಗಿಲು ಮಾಡಿಕೊಂಡು ಈ ಕಡೆಯನ್ನು ಮುಚ್ಚಿಬಿಟ್ಟಿದ್ದರು. ಆ ಗೇಟಿನಿಂದ ಬೆಕ್ಕು ಬರಬಹುದಿತ್ತು, ಕಾರು ಬರುವಂತಿರಲಿಲ್ಲ. ನೋ ಪಾರ್ಕಿಂಗ್ ಬೋರ್ಡೂ ಇಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡೆ.

ನಿಜವಾದ ಗೇಟಿಗೆ ಅಡ್ಡ ನಿಲ್ಲಿಸುವವರ ಪರ ನಾನಿಲ್ಲ. ಒಳಗೆ ಹೆರಿಗೆ ನೋವು ತಿನ್ನುತ್ತಿರುವ ಹೆಂಗಸಿರಬಹುದು, ಎದೆನೋವಿನ ಮುದುಕರಿರಬಹುದು. ಕಟ್ಟಡದ ಪ್ರವೇಶಕ್ಕೆ ಅಡ್ಡ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮದಲ್ಲೂ ಇತ್ತು, 2017ರಲ್ಲಿ ಅದರ ಜಾಗಕ್ಕೆ ಬಂದ ನಿಯಮದಲ್ಲೂ ಇದೆ. ಬೇಕಾದ ನಿಯಮವೇ. ಆದರೆ ಪ್ರವೇಶವೇ ಇಲ್ಲದ ಕಡೆ ಪ್ರವೇಶಕ್ಕೆ ಅಡ್ಡಿ ಎಲ್ಲಿಂದ ಬಂತು, ನೀವೇ ಹೇಳಿ!

ನನ್ನ ಜೀವ ಹಾರಿದ್ದು ಸ್ಕೂಟರಿಗಾಗಿ ಅಲ್ಲ. ಅದರ ಡಿಕ್ಕಿಯಲ್ಲಿ ಒಂದು ಆಲ್ಬಂ ಇತ್ತು. ಎಪ್ಪತ್ತರ ದಶಕದಲ್ಲಿ ಮೇಕಪ್ ಸಹಾಯಕರಾಗಿದ್ದ ಹಿರಿಯರೊಬ್ಬರು ಅಂದು ಬೆಳಿಗ್ಗೆಯಷ್ಟೇ ನಂಬಿ ಕೊಟ್ಟಿದ್ದರು. ಕಪ್ಪು ಬಿಳುಪಿನ ಸ್ಟಿಲ್‌ಗಳು, ಒಂದಕ್ಕೂ ನೆಗೆಟಿವ್ ಇಲ್ಲ. ಕೊಡುವಾಗ, “ಇದು ಹೋದ್ರೆ ನಾನು ಸಿನಿಮಾದಲ್ಲಿದ್ದೆ ಅನ್ನೋದಕ್ಕೆ ಸಾಕ್ಷಿನೇ ಇರಲ್ಲ ಮರೀ” ಅಂದಿದ್ದರು. ಮೋಡ ಬೇರೆ ಕವಿದಿತ್ತು. ಆಟೋ ಹಿಡಿದು ಓಡಿದೆ.

ಗಾಡಿ ತುಂಬುವ ಬಯಲಿನಲ್ಲಿ ಸ್ಕೂಟರ್ ಮಗ್ಗುಲಾಗಿ ಒರಗಿತ್ತು. ಡಿಕ್ಕಿಗೆ ಕೈ ಹಾಕಲು ಬಿಡಲಿಲ್ಲ. “ದಂಡ ಸಾವಿರ, ಎತ್ತಿದ್ದಕ್ಕೆ ಆರುನೂರ ಐವತ್ತು. ಕಟ್ಟಿ, ತಗೊಂಡೋಗಿ.” ಆಗಿನ ರೇಟು ಅದೇ. ನನ್ನ ಮಟ್ಟಿಗೆ ಎರಡು ಲೇಖನದ ಸಂಪಾದನೆ.

“ನಾನು ದಂಡ ಕಟ್ಟಲ್ಲ ಸಾರ್. ಕೋರ್ಟಿಗೆ ಹೋಗ್ತೀನಿ” ಅಂದೆ.

“ಧಾರಾಳವಾಗಿ ಹೋಗಿ. ಗಾಡಿ ಇಲ್ಲೇ ಇರುತ್ತೆ.”

ಗುಟ್ಟು ಇರುವುದೇ ಇಲ್ಲಿ. ಸ್ಥಳದಲ್ಲೇ ಕಟ್ಟುವ ದಂಡವನ್ನು ನಾವು ಶಿಕ್ಷೆ ಎಂದುಕೊಂಡಿದ್ದೇವೆ. ಕಾನೂನಿನ ಕಣ್ಣಲ್ಲಿ ಅದು ರಾಜಿ! ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಹೇಳುವುದು ಅದನ್ನೇ: ಇಷ್ಟು ದುಡ್ಡು ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಕ್ತಾಯ. ನೀವು ತಪ್ಪು ಮಾಡಿದಿರೋ ಇಲ್ಲವೋ ಎಂದು ಆಮೇಲೆ ಯಾರೂ ನೋಡುವುದಿಲ್ಲ. ರಾಜಿ ಬೇಡವೆಂದರೆ ಮ್ಯಾಜಿಸ್ಟ್ರೇಟರ ಮುಂದೆ ವಾದಿಸಬಹುದು. ಒಳ್ಳೆಯ ಏರ್ಪಾಡೇ. ಆದರೆ ಎದುರು ಪಕ್ಷದವನು ನಿಮ್ಮ ಗಾಡಿ ಹಿಡಿದಿಟ್ಟುಕೊಂಡು ರಾಜಿಗೆ ಕರೆದರೆ ಅದು ಯಾವ ಸೀಮೆ ರಾಜಿ? ಖಳನಾಯಕ ನಾಯಕನ ತಂಗಿಯನ್ನು ಕಟ್ಟಿಹಾಕಿ ಪತ್ರಕ್ಕೆ ಸಹಿ ಕೇಳುವ ಸೀನು ನೆನಪಾಗಲಿಲ್ಲವೇ?

ಎತ್ತಿದ ಖರ್ಚು ಮಾಲೀಕನದೇ ಎಂದು 127ನೇ ಕಲಂ ಹೇಳುತ್ತದೆ. ಅದರಲ್ಲೇ ಇನ್ನೊಂದು ಮಾತೂ ಇದೆ. ಗಾಡಿ ಹತ್ತು ಗಂಟೆಗೂ ಹೆಚ್ಚು ಅನಾಥವಾಗಿ ನಿಂತಿರಬೇಕು, ಇಲ್ಲವೇ ನಿಲ್ಲಿಸಬಾರದ ಜಾಗದಲ್ಲಿರಬೇಕು, ಇಲ್ಲವೇ ಸಂಚಾರಕ್ಕೆ ಅಪಾಯವಾಗಿರಬೇಕು. ಇದನ್ನೆಲ್ಲ ಮೊಬೈಲಿನಲ್ಲೇ ಓದಿ ಒಪ್ಪಿಸಿದೆ. ಸಾಹೇಬರು ಆಕಳಿಸಿದರು. ಅಷ್ಟರಲ್ಲಿ ಹನಿ ಶುರುವಾಯಿತು. ಆಲ್ಬಂ ನೆನಪಾಗಿ ನನ್ನ ಅರ್ಧ ಹಠ ಕರಗಿತು. ಆರುನೂರ ಐವತ್ತು ಎಣಿಸಿದೆ, ಸಾವಿರಕ್ಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಂದು ಗಂಟೆ ಜಗಳವಾಡಿದ ಮೇಲೆ ಲೈಸೆನ್ಸಿನ ಜೆರಾಕ್ಸ್ ಇಟ್ಟುಕೊಂಡು ಕೋರ್ಟಿನ ನೋಟಿಸ್ ಬರೆದುಕೊಟ್ಟರು. ಆಲ್ಬಮ್ಮಿನ ಒಂದು ಮೂಲೆ ತೇವವಾಗಿತ್ತು. ಸ್ಟಿಲ್‌ಗಳು ಬದುಕಿದ್ದವು!

1974ರ ‘ಭೂತಯ್ಯನ ಮಗ ಅಯ್ಯು’ ನೋಡಿದವರಿಗೆ ಕೋರ್ಟು ಅಲೆಯುವುದೆಂದರೇನೆಂದು ನಾನು ಹೇಳಬೇಕಾಗಿಲ್ಲ. ಮೂರು ವಾಯಿದೆಗಳಾದವು. ಕಟಕಟೆಯಲ್ಲಿ ನಿಂತು ಉದ್ದುದ್ದ ಡೈಲಾಗ್ ಹೊಡೆಯುವ ಆಸೆ ನನಗೂ ಇತ್ತು. ಅಲ್ಲಿ ಡೈಲಾಗಿಗೆ ಪುರುಸೊತ್ತೆಲ್ಲಿ? ಹೆಸರು ಕೂಗುತ್ತಾರೆ, “ಒಪ್ಕೊಳ್ತೀರಾ?” ಎನ್ನುತ್ತಾರೆ, ಜನ “ಹೌದು” ಎಂದು ದಂಡ ಕಟ್ಟಿ ಹೋಗುತ್ತಾರೆ. ನನ್ನ ಮುಂದೆ ನಿಂತಿದ್ದ ತರಕಾರಿ ಟೆಂಪೋದವನನ್ನು ಯಾಕಪ್ಪಾ ಒಪ್ಕೊಂಡೆ ಅಂದರೆ, “ಇನ್ನೊಂದಿನ ಇಲ್ಲಿಗೆ ಬಂದ್ರೆ ಆವತ್ತಿನ ಬಾಡಿಗೆ ಹೋಗುತ್ತೆ ಸಾರ್” ಅಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು.

ನಾನು “ಇಲ್ಲ” ಅಂದಾಗ ಗುಮಾಸ್ತರು ತಲೆಯೆತ್ತಿ ನೋಡಿದರು!

ಮೂರನೇ ವಾಯಿದೆಯಲ್ಲಿ ಪೊಲೀಸರು ತಾವು ತೆಗೆದ ಫೋಟೋ ತಂದರು. ನನ್ನ ನಾಲ್ಕು ಫೋಟೋ ಬೇಕಾಗಲೇ ಇಲ್ಲ. ಅವರದರಲ್ಲೇ ಸ್ಕೂಟರಿನ ಹಿಂದೆ ಗೇಟು, ಗೇಟಿನ ಕಂಬಿಗಳ ಹಿಂದೆ ಇಟ್ಟಿಗೆ ಗೋಡೆ ಸೊಗಸಾಗಿ ಬಂದಿತ್ತು. ಮ್ಯಾಜಿಸ್ಟ್ರೇಟರು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. “ಈ ಗೇಟಿನವರು ದೂರು ಕೊಟ್ಟಿದ್ರಾ?” ಇಲ್ಲ. “ಇಲ್ಲಿಂದ ಗಾಡಿ ಹೇಗ್ರೀ ಹೊರಗೆ ಬರುತ್ತೆ?” ಉತ್ತರವಿಲ್ಲ. ದಂಡವಿಲ್ಲ, ಹೋಗಿ ಎಂದರು. ಎಲ್ಲಾ ಸೇರಿ ಎರಡು ನಿಮಿಷ. ಹಿನ್ನೆಲೆ ಸಂಗೀತವೂ ಇರಲಿಲ್ಲ.

ಹಾಗಾದರೆ ಎತ್ತಿದ್ದಕ್ಕೆ ಕೊಟ್ಟ ಆರುನೂರ ಐವತ್ತು? ಆ ಲೆಕ್ಕ ಕೋರ್ಟಿನ ಮುಂದೆ ಇರಲಿಲ್ಲ. “ಅರ್ಜಿ ಕೊಡಿ” ಅಂದರು. ಕೊಟ್ಟೆ. 2022ರ ಫೆಬ್ರವರಿಯಲ್ಲಿ ಜನರ ಕೂಗಾಟ ತಾಳಲಾರದೆ ಸರ್ಕಾರ ಟೋಯಿಂಗನ್ನೇ ನಿಲ್ಲಿಸಿತು. ನನ್ನ ಅರ್ಜಿ ಯಾವ ಮೇಜಿಗೆ ಸೇರಿದ್ದು ಎಂದು ಕೇಳಲು ಹೋದರೆ, “ಆ ಕೆಲ್ಸಾನೇ ಈಗಿಲ್ವಲ್ರೀ” ಎಂಬ ಉತ್ತರ! ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದೆ. ಜೆರಾಕ್ಸಿಗೆ ಎರಡು ರೂಪಾಯಿ ಬೇರೆ.