ಕೊಳತ್ತೂರಿನ ಬಣ್ಣದ ಮೀನುಗಳು ಕಚ್ಚುತ್ತವೆಯೇ?

ಚೆನ್ನೈ ಎಂದರೆ ನಮ್ಮವರಿಗೆ ಮರೀನಾ ಬೀಚು, ಟಿ. ನಗರದ ಸೀರೆ ಅಂಗಡಿಗಳು, ಕಣ್ಣಿನ ಆಸ್ಪತ್ರೆ. ಊರಿನ ಉತ್ತರಕ್ಕೆ, ವಿಲ್ಲಿವಾಕ್ಕಂ ಕಡೆಗೆ, ಕೊಳತ್ತೂರು ಎಂಬ ಬಡಾವಣೆ ಇದೆ. ಅದನ್ನು ನೋಡಲೆಂದೇ ಹೋಗುವವರು ಕಡಿಮೆ. ಆದರೆ ಮಕ್ಕಳೇ, ನಿಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಓಡಾಡುವ ಗೋಲ್ಡ್‌ಫಿಶ್ಶೋ ಮಾಲಿಯೋ ಅಲ್ಲಿಂದಲೇ ಬಂದಿದ್ದರೂ ಆಶ್ಚರ್ಯವಿಲ್ಲ. ಅಲಂಕಾರದ ಮೀನುಗಳ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದ ಜಾಗ ಅದು. ಸುತ್ತಮುತ್ತಲ ಹಳ್ಳಿಗಳಲ್ಲಿ ಸಿಮೆಂಟು ತೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಮೀನು ಮರಿ ಮಾಡಿಸುತ್ತಾರೆ. ಆ ಮರಿಗಳು ಕೊಳತ್ತೂರಿನ ಅಂಗಡಿಗಳಿಗೆ ಬಂದು, ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಊರೂರಿಗೆ ಹೊರಡುತ್ತವೆ.

ನನ್ನ ಮಗಳ ಮನೆ ಪೆರಂಬೂರಿನಲ್ಲಿ. ಪರೀಕ್ಷೆ ಮುಗಿದ ಮೇಲೆ ಅಕ್ವೇರಿಯಂ ಕೊಡಿಸುತ್ತೇನೆಂದು ಅಳಿಯಂದಿರು ಏಳನೇ ಕ್ಲಾಸಿನ ಮೊಮ್ಮಗನಿಗೆ ಮಾತು ಕೊಟ್ಟಿದ್ದರು. ಪರೀಕ್ಷೆ ಮುಗಿಯಿತು, ಅಳಿಯಂದಿರಿಗೆ ಆಫೀಸಿನಲ್ಲಿ ಬಿಡುವಾಗಲಿಲ್ಲ. ಅಷ್ಟು ಹೊತ್ತಿಗೆ ಸರಿಯಾಗಿ ಬೆಂಗಳೂರಿನಿಂದ ಹೋಗಿ ಇಳಿದವನು ನಾನು. ಎಪ್ಪತ್ತನಾಲ್ಕು ವರ್ಷದವನಿಗೆ ಬೇರೇನು ಕೆಲಸವಿರುತ್ತದೆ? ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಆಟೋ ಹತ್ತಿದೆವು.

ರಸ್ತೆಯ ಎರಡೂ ಬದಿಗೆ ಮೀನಿನ ಅಂಗಡಿಗಳೇ. ತಿನ್ನುವ ಮೀನಿನ ವಾಸನೆಯಲ್ಲ, ಕೆರೆಯ ದಂಡೆಯಲ್ಲಿ ಬರುವಂಥ ಪಾಚಿಯ ವಾಸನೆ. ಒಂದು ಅಂಗಡಿಯಲ್ಲಿ ಗಾಜು ಕತ್ತರಿಸಿ ತೊಟ್ಟಿ ಅಂಟಿಸುತ್ತಿದ್ದರು. ಪಕ್ಕದಲ್ಲಿ ಮೀನಿನ ಆಹಾರ, ಮರಳು, ಪ್ಲಾಸ್ಟಿಕ್ಕಿನ ಅರಮನೆ. ಇನ್ನೊಂದರಲ್ಲಿ ಫೈಟರ್ ಮೀನುಗಳನ್ನು ಒಂದೊಂದಾಗಿ ಪುಟ್ಟ ಡಬ್ಬಿಗಳಲ್ಲಿ ಇಟ್ಟಿದ್ದರು. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ರೆಕ್ಕೆ ಹರಿದುಕೊಳ್ಳುವವರೆಗೂ ಕಾದಾಡುತ್ತವಂತೆ. ನಮ್ಮ ಬ್ಯಾಂಕಿನಲ್ಲೂ ಅಂಥ ಇಬ್ಬರಿದ್ದರು, ಅವರಿಗೂ ಬೇರೆ ಬೇರೆ ಕೌಂಟರು ಕೊಡಬೇಕಾಗಿತ್ತು.

ನಾವು ಒಳಹೊಕ್ಕ ಅಂಗಡಿಯ ಯಜಮಾನರು ಐವತ್ತರ ಆಸುಪಾಸಿನವರು. ಅವರ ಬಲಗೈ ಹೆಬ್ಬೆರಳಿನ ಮೇಲೆ ಅರ್ಧಚಂದ್ರದ ಹಾಗೆ ಕಲೆ. ನನಗೆ ಕಾಣುವ ಮೊದಲೇ ಅದು ಮೊಮ್ಮಗನಿಗೆ ಕಂಡಿತ್ತು. ಕೇಳಿಯೂಬಿಟ್ಟ.

‘ಫ್ಲವರ್‌ಹಾರ್ನ್, ತಂಬಿ. ಕಡಿಕ್ಕುಂ’ ಎಂದರು ನಗುತ್ತ. ಕಚ್ಚುವುದಕ್ಕೆ ತಮಿಳಿನಲ್ಲೂ ಕಡಿ ಎಂದೇ ಹೇಳುವುದರಿಂದ ಅರ್ಥ ಬಿಡಿಸಿ ಹೇಳುವ ಕೆಲಸ ನನಗೆ ಉಳಿಯಲಿಲ್ಲ.

ಹಣೆಯ ಮೇಲೆ ಬೋರೆ ಎದ್ದ, ಕೆಂಪು ಕಿತ್ತಳೆ ಬಣ್ಣದ ಫ್ಲವರ್‌ಹಾರ್ನ್ ಮೀನನ್ನು ನೀವು ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನೋಡಿರಬಹುದು. ಅದೃಷ್ಟ ತರುತ್ತದೆಂದು ಇಡುತ್ತಾರೆ. ಇದು ಯಾವ ನದಿಯಲ್ಲೂ ಹುಟ್ಟಿದ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಮಾಡಿದ ತಳಿ. ತೊಟ್ಟಿಯನ್ನು ತನ್ನ ಸ್ವಂತ ಸೈಟು ಎಂದುಕೊಂಡಿರುತ್ತದೆ. ಒಳಗೆ ಬಂದ ಕೈ ಅನ್ನ ಹಾಕುವ ಕೈಯೋ ಕದಿಯುವ ಕೈಯೋ ಎಂದು ವಿಚಾರಿಸುವುದಿಲ್ಲ. ಯಜಮಾನರು ಗಾಜಿನ ಹೊರಗಿನಿಂದ ಬೆರಳು ಆಡಿಸಿದರು. ಒಳಗಿನಿಂದ ಅದು ಟಪ್ಪೆಂದು ಗಾಜಿಗೆ ಬಡಿಯಿತು. ಮೊಮ್ಮಗ ಎರಡು ಹೆಜ್ಜೆ ಹಿಂದಕ್ಕೆ.

ಅಲ್ಲಿಂದ ಮುಂದೆ ನಾವು ಮೀನು ಕೊಳ್ಳಲು ಬಂದವರು ಎಂಬುದೇ ಮರೆತು, ಯಾವುದು ಕಚ್ಚುತ್ತದೆ, ಯಾವುದು ಚುಚ್ಚುತ್ತದೆ ಎಂದು ನೋಡುತ್ತ ಹೋದೆವು. ಒಂದು ತೊಟ್ಟಿಯ ಮೇಲೆ ‘ಪಿರಾನ್ಹಾ’ ಎಂದು ಚೀಟಿ ಇತ್ತು. ನಿಜವಾಗಿ ಅದು ಪಾಕು ಎಂಬ ಮೀನೆಂದು ಯಜಮಾನರೇ ಮೆಲ್ಲಗೆ ಒಪ್ಪಿಕೊಂಡರು. ಮಾರುಕಟ್ಟೆಯಲ್ಲಿ ರೂಪ್‌ಚಂದ್ ಎಂದು ಸಾರಿಗೆ ಮಾರುತ್ತಾರಲ್ಲ, ಅದೇ. ಪಿರಾನ್ಹಾದ ಹಲ್ಲು ಗರಗಸದ ಹಾಗೆ ಚೂಪು. ಪಾಕುವಿನದು ನಮ್ಮ ದವಡೆ ಹಲ್ಲಿನಂತೆ ಚಪ್ಪಟೆ, ದಕ್ಷಿಣ ಅಮೆರಿಕದ ನದಿಗಳಲ್ಲಿ ನೀರಿಗೆ ಬಿದ್ದ ಕಾಯಿ ಬೀಜಗಳನ್ನು ಒಡೆಯುವುದಕ್ಕೆ. ಬೀಜ ಒಡೆಯುವ ದವಡೆ ಬೆರಳಿಗೂ ಸಾಕಾದೀತು.

ಪಫರ್ ಮೀನಿಗೆ ಇರುವುದು ನಾಲ್ಕೇ ಹಲ್ಲು, ನಾಲ್ಕೂ ಕೂಡಿ ಗಿಳಿಯ ಕೊಕ್ಕಿನ ಹಾಗಾಗಿರುತ್ತವೆ. ಬಸವನಹುಳುವಿನ ಚಿಪ್ಪನ್ನು ಕಟಕ್ಕೆಂದು ಮುರಿಯುತ್ತದೆ. ದೊಡ್ಡ ಪಫರ್ ಇರುವ ತೊಟ್ಟಿಗೆ ಬರಿಗೈ ಹಾಕಲೇಬಾರದು. ಇದೇ ವಂಶದ ಒಂದು ಪುಟಾಣಿ, ಇಂಚಿನಷ್ಟೇ ಉದ್ದದ್ದು, ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದು. ಅದಕ್ಕೆ ಮಲಬಾರ್ ಪಫರ್ ಎನ್ನುತ್ತಾರೆ. ಅದನ್ನು ಕಂಡು ಹೆದರಬೇಕಿಲ್ಲ.

ಕಚ್ಚುವುದಕ್ಕಿಂತ ಚುಚ್ಚುವ ಮೀನುಗಳೇ ಹೆಚ್ಚು ತೊಂದರೆ ಕೊಡುತ್ತವೆ ಎಂಬುದು ಯಜಮಾನರ ಅನುಭವ. ನಮ್ಮ ಹಳ್ಳಿಗಳ ಕಡೆ ಚೇಳು ಮೀನು ಎನ್ನುತ್ತಾರೆ, ಕೇಳಿದ್ದೀರಾ? ಕಿವಿರಿನ ಪಕ್ಕದ ರೆಕ್ಕೆಯಲ್ಲಿ ಒಂದೊಂದು ಗಟ್ಟಿ ಮುಳ್ಳು, ಅದರಲ್ಲಿ ವಿಷ. ಗದ್ದೆಯಲ್ಲಿ ಚುಚ್ಚಿಸಿಕೊಂಡವರು ರಾತ್ರಿಯೆಲ್ಲ ನರಳುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ತೊಟ್ಟಿಯಲ್ಲಿ ಸಾಕುವ ಮೀಸೆಯ ಮೀನುಗಳಿಗೂ ಇಂಥ ಮುಳ್ಳಿರುತ್ತದೆ. ಬಲೆಯಲ್ಲಿ ಸಿಕ್ಕಿಕೊಂಡದ್ದನ್ನು ಕೈಯಿಂದ ಬಿಡಿಸಹೊರಟಾಗಲೇ ಚುಚ್ಚುವುದು.

ಉಪ್ಪುನೀರಿನ ತೊಟ್ಟಿಗಳು ಒಳಕೋಣೆಯಲ್ಲಿದ್ದವು. ಸಿನಿಮಾದ ನೀಮೋ ಜಾತಿಯ ಕ್ಲೌನ್ ಮೀನು ಕಂಡು ಮೊಮ್ಮಗ ಕುಣಿದ. ಮೊಟ್ಟೆ ಇಟ್ಟ ಮೇಲೆ ಅದೂ ಕೈಗೆ ಬಾಯಿ ಹಾಕುತ್ತದಂತೆ, ಹೆಚ್ಚೇನೂ ನೋಯುವುದಿಲ್ಲ. ಅದರ ಮುಂದಿನ ತೊಟ್ಟಿಯಲ್ಲಿದ್ದ ಲಯನ್‌ಫಿಶ್ ಹಾಗಲ್ಲ. ಬೀಸಣಿಗೆ ಬಿಚ್ಚಿದ ಹಾಗೆ ರೆಕ್ಕೆ, ಪಟ್ಟೆ ಪಟ್ಟೆ ಮೈ, ತೇಲುವುದೋ ಮಹಾರಾಜರ ಸವಾರಿಯಂತೆ. ಬೆನ್ನಿನ ಮೇಲಿನ 13 ಮುಳ್ಳುಗಳಲ್ಲೂ ವಿಷ. ಚುಚ್ಚಿದರೆ ತಣ್ಣೀರಲ್ಲ, ಬಿಸಿನೀರು. ಈ ವಿಷ ಶಾಖಕ್ಕೆ ಕೆಡುವಂಥದ್ದು. ತಡೆಯುವಷ್ಟು ಬಿಸಿ, ಎಂದರೆ 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರ ಬಳಿಗೆ ಹೋಗಬೇಕು. ನೀರಿನ ಬಿಸಿಯನ್ನು ಮಾತ್ರ ಚುಚ್ಚಿಸಿಕೊಳ್ಳದ ಕೈಯಿಂದ, ಇಲ್ಲವೇ ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ನಮ್ಮಂಥವರ ಕೈಕಾಲಿಗೆ ಎಷ್ಟೋ ಸಲ ಬಿಸಿ ತಿಳಿಯುವುದಿಲ್ಲ. ಮೀನಿನ ಗಾಯ ಒಂದು, ಬೊಬ್ಬೆ ಇನ್ನೊಂದು ಆದೀತು.

ಹಲ್ಲು, ಮುಳ್ಳು ಎಂದು ನೋಡುತ್ತಿದ್ದ ಹುಡುಗನಿಗೆ ಅಲ್ಲಿ ಕಾಣದೇ ಇದ್ದದ್ದನ್ನು ಹೇಳಬೇಕೆನಿಸಿತು. ಅಂಗಡಿಯ ಹಿಂದೆ ಇಬ್ಬರು ಹೆಂಗಸರು ಮೊಣಕೈವರೆಗೆ ನೀರಿನಲ್ಲಿ ಕೈಯಿಟ್ಟು ತೊಟ್ಟಿ ಉಜ್ಜುತ್ತಿದ್ದರು. ಒಬ್ಬಾಕೆ ರಬ್ಬರಿನ ಗ್ಲೌಸು ಹಾಕಿಕೊಂಡಿದ್ದಳು, ಇನ್ನೊಬ್ಬಾಕೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅದೇ ನೀರಿಗೆ ಕೈ ಹಾಕಿದ್ದಳು. ಆ ಬಟ್ಟೆ ನೋಡಿ ನನಗೆ ನನ್ನ ಜೊತೆ ಕೆಲಸ ಮಾಡಿದ ಗೆಳೆಯರ ನೆನಪಾಯಿತು.

ಅವರು ನಿವೃತ್ತಿಯಾದ ದಿನದಿಂದ ಮೀನು ಸಾಕುತ್ತಿದ್ದಾರೆ. ಎರಡು ವರ್ಷದ ಹಿಂದೆ ಅವರ ತೋರುಬೆರಳಿನ ಗಿಣ್ಣಿನ ಮೇಲೆ ಕಡಲೆಬೀಜದಷ್ಟು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ನರಹುಲಿ ಇರಬೇಕೆಂದು ಮನೆಯವರು ಸುಣ್ಣ ಹಚ್ಚಿದರು. ಗಂಟು ಒಡೆದು ಹುಣ್ಣಾಯಿತು. ಮುಲಾಮು, ಹತ್ತು ದಿನ ಮಾತ್ರೆ, ಮತ್ತೆ ಬೇರೆ ಮಾತ್ರೆ. ಅದು ವಾಸಿಯಾಗುವುದಿರಲಿ, ಕೈಯ ಹಿಂಭಾಗದಲ್ಲಿ ಇನ್ನೆರಡು ಗಂಟು ಸಾಲಾಗಿ ಎದ್ದವು. ನಾಲ್ಕು ತಿಂಗಳು ಹೀಗೇ ಕಳೆಯಿತು. ಸಕ್ಕರೆ ಕಾಯಿಲೆ ಬೇರೆ, ಬೆರಳೇ ಹೋಗುತ್ತದೋ ಏನೋ ಎಂದು ಅವರ ಹೆಂಡತಿ ನಮ್ಮ ಮನೆಯಲ್ಲಿ ಕೂತು ಅತ್ತರು. ಕೊನೆಗೆ ಒಬ್ಬ ಚರ್ಮದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈ ನೋಡಿ ಕೇಳಿದ ಮೊದಲ ಮಾತು: ‘ಅಂಕಲ್, ಮನೆಯಲ್ಲಿ ಮೀನು ಸಾಕಿದ್ದೀರಾ?’

ಆ ರೋಗದ ಹೆಸರು ಫಿಶ್ ಟ್ಯಾಂಕ್ ಗ್ರಾನುಲೋಮಾ. ತರುವ ರೋಗಾಣು ಮೈಕೋಬ್ಯಾಕ್ಟೀರಿಯಂ ಮೆರಿನಂ, ಕ್ಷಯರೋಗದ ಅಣುವಿನ ದಾಯಾದಿ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮತ್ಸ್ಯಾಲಯದ ಸತ್ತ ಮೀನುಗಳಲ್ಲಿ ಆರನ್ಸನ್ ಎಂಬ ವಿಜ್ಞಾನಿ ಇದನ್ನು ಮೊದಲು ಕಂಡದ್ದು. 1951ರಲ್ಲಿ ಸ್ವೀಡನ್ನಿನಲ್ಲಿ ಈಜುಕೊಳಕ್ಕೆ ಹೋಗಿ ಚರ್ಮ ತರಚಿಕೊಂಡವರಲ್ಲಿ ಕಾಣಿಸಿತು. ಈಜುಕೊಳಗಳ ನೀರಿಗೆ ಸರಿಯಾಗಿ ಕ್ಲೋರಿನ್ ಹಾಕತೊಡಗಿದ ಮೇಲೆ ಅಲ್ಲಿ ಕಡಿಮೆಯಾಗಿ, ಮೀನಿನ ತೊಟ್ಟಿಯೇ ಇದರ ಮುಖ್ಯ ವಿಳಾಸವಾಯಿತು.

ಮೀನು ಕಚ್ಚಲೇಬೇಕೆಂದಿಲ್ಲ. ಗಾಜಿನ ಅಂಚು, ಚೂಪು ಕಲ್ಲು, ಮೊದಲೇ ಇದ್ದ ಸಣ್ಣ ಗೀರು, ಯಾವುದಾದರೂ ಸಾಕು ಅದು ಒಳಬರಲು. ಬಂದ ಮೇಲೂ ಅವಸರವಿಲ್ಲ. ಎರಡು ಮೂರು ವಾರ, ಕೆಲವೊಮ್ಮೆ ತಿಂಗಳುಗಳೇ ಕಳೆದು ಗಂಟು ಏಳುತ್ತದೆ. ಅಷ್ಟರಲ್ಲಿ ತೊಟ್ಟಿ ತೊಳೆದದ್ದು ಯಾರಿಗೆ ನೆನಪಿರುತ್ತದೆ? ಇನ್ನೊಂದು ವಿಚಿತ್ರ ಕೇಳಿ. ಈ ರೋಗಾಣುವಿಗೆ ಹಿಡಿಸುವುದು 30 ಡಿಗ್ರಿಯ ಆಸುಪಾಸಿನ ತಂಪು. ನಮ್ಮ ಮೈಯೊಳಗೆ 37. ಆದ್ದರಿಂದ ಸಾಮಾನ್ಯವಾಗಿ ಒಳಗೆ ಇಳಿಯದೆ, ಮೈಗಿಂತ ತಣ್ಣಗಿರುವ ಬೆರಳು, ಮುಂಗೈಗಳಲ್ಲೇ ಮನೆ ಮಾಡುತ್ತದೆ. ಲ್ಯಾಬಿನವರು ಎಂದಿನಂತೆ 37 ಡಿಗ್ರಿಯಲ್ಲಿ ಮಾತ್ರ ಬೆಳೆಸಿ ನೋಡಿದರೆ ಸಿಕ್ಕದೇ ಹೋಗಬಹುದು. ಅದಕ್ಕೇ ಆ ಡಾಕ್ಟರು ಚೀಟಿಯಲ್ಲಿ 30 ಡಿಗ್ರಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ, ಹೆದರಿ ದೂರ ಕೂರಬೇಕಿಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕೀಲಿಗೆ, ಮೂಳೆಗೆ ಇಳಿಯಬಹುದು. ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು.

ಇದನ್ನೆಲ್ಲ ನಾನು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಹೇಳಿದಾಗ ಯಜಮಾನರು ಸುಮ್ಮನೆ ಕೇಳಿದರು. ಒಳಗೆ ಹೋಗಿ ಬಟ್ಟೆ ಸುತ್ತಿಕೊಂಡಿದ್ದ ಹೆಂಗಸನ್ನು ನೀರಿನಿಂದ ಎಬ್ಬಿಸಿ, ಪೊಟ್ಟಣಗಳಿಗೆ ರಬ್ಬರ್ ಬ್ಯಾಂಡ್ ಹಾಕುವ ಕೆಲಸಕ್ಕೆ ಕೂರಿಸಿದರು. ಆಕೆ ನನ್ನನ್ನು ಒಂದು ಸಲ ನೋಡಿದಳು. ಕೂಲಿ ಕಡಿತವಾದೀತೆಂಬ ಅಂಜಿಕೆಯೋ ಏನೋ. ಯಜಮಾನರು ಅದನ್ನು ಗಮನಿಸಿ ‘ಸಂಬಳ ಹಿಡಿಯುವುದಿಲ್ಲಮ್ಮ’ ಎಂದದ್ದು ನನಗೆ ತುಂಬ ಹಿಡಿಸಿತು.

ಆಮೇಲೆ ತೊಟ್ಟಿ ಆರಿಸುವ ಕೆಲಸ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಮೊಮ್ಮಗನಿಗೆ ಬೇಕಾಯಿತು. ಹಳೆಯ ಅಭ್ಯಾಸದಂತೆ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ 56 ಲೀಟರ್ ಹಿಡಿಯುತ್ತದೆ, ನೀರಿನ ತೂಕವೇ 56 ಕಿಲೋ. ಪುಸ್ತಕದ ಕಪಾಟಿನ ಮೇಲೆ ಇಡುವ ಯೋಚನೆ ಅಲ್ಲಿಗೇ ನಿಂತಿತು. ನೀರಿಗೆ ಕೈ ಹಾಕುವ ಮುಂಚೆ ಹೀಟರು, ಪಂಪುಗಳ ಪ್ಲಗ್ಗು ಕೀಳಬೇಕೆಂದು ಯಜಮಾನರು ಅವನಿಂದ ಎರಡು ಸಲ ಹೇಳಿಸಿದರು. ಪೈಪಿಗೆ ಬಾಯಿಯಿಟ್ಟು ನೀರು ಎಳೆಯುವ ಹುಡುಗಾಟಿಕೆಯೂ ಬೇಡ, ಅದಕ್ಕೆಂದೇ ಕೈಪಂಪು ಸಿಗುತ್ತದೆ. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು ಎಂಬುದು ನನ್ನ ಮಗಳು ಸೇರಿಸಿದ ಕಾನೂನು. ಕಾನೂನು ಸರಿಯಾಗಿಯೇ ಇದೆ.

ಕೆಂಪು ಕಿವಿಯ ಪುಟ್ಟ ಆಮೆಯನ್ನೂ ಅವನು ಕೇಳಿದ. ಅಂಗೈಯಲ್ಲಿ ಹಿಡಿಸುವಷ್ಟು ಮುದ್ದಾದದ್ದು. ನಾನು ಬೇಡವೆಂದೆ. ಹಲ್ಲಿಲ್ಲದಿದ್ದರೂ ಅದಕ್ಕೆ ಹರಿತವಾದ ಕೊಕ್ಕಿದೆ. ಅದಕ್ಕಿಂತ ಹೆಚ್ಚಾಗಿ, ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ವಾಂತಿಭೇದಿಯ ರೋಗಾಣು ಇರಬಹುದು. ಮಕ್ಕಳು ಆಮೆಯನ್ನು ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತಾರೆಂದೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಮಾರುವಂತಿಲ್ಲ. ದೊಡ್ಡದಾದ ಮೇಲೆ ಜನ ಅದನ್ನು ಕೆರೆಗೆ ಬಿಟ್ಟು ಬರುವುದು ಇನ್ನೊಂದು ಅನ್ಯಾಯ. ಶ್ರೀನಗರದ ದಾಲ್ ಸರೋವರದಲ್ಲಿ 2023ರಲ್ಲಿ ಮೊಸಳೆ ಮೂತಿಯ ಅಮೆರಿಕದ ಮೀನು ಸಿಕ್ಕಿತ್ತು. ಅದು ಸಾಗರ ದಾಟಿ ತಾನಾಗಿ ಈಜಿ ಬಂದದ್ದಂತೂ ಅಲ್ಲ.

ಕೊನೆಗೆ ಕೊಂಡದ್ದು ಆರು ಗಪ್ಪಿ, ನಾಲ್ಕು ಮಾಲಿ. ಯಾರನ್ನೂ ಕಚ್ಚದ ಬಡಪಾಯಿಗಳು. ಜೊತೆಗೆ ಮೊಣಕೈವರೆಗೆ ಬರುವ ಎರಡು ಜೊತೆ ಗ್ಲೌಸು, ಒಂದು ಅವನಿಗೆ, ಒಂದು ಅವರಪ್ಪನಿಗೆ. ಬಿಲ್ಲು ನೋಡಿದರೆ ಗ್ಲೌಸಿನ ದುಡ್ಡೇ ಮೀನಿಗಿಂತ ಜಾಸ್ತಿ.

ಮನೆಯಲ್ಲಿ ತೊಟ್ಟಿ ಇರುವ ಅಜ್ಜ ಅಜ್ಜಿಯರಿಗೆ ಇನ್ನೆರಡು ಮಾತು. ಮೀನು ಕಚ್ಚಿದರೆ, ಗೀರಿದರೆ ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆಯೋ ನೋಡಿಕೊಳ್ಳಿ. ಕೆಲವೇ ಗಂಟೆಗಳಲ್ಲಿ ಕೆಂಪು ಹರಡಿ, ಊದಿ, ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ಉಪ್ಪುನೀರಿನ ಕೆಲವು ರೋಗಾಣುಗಳು ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ ಇರುವವರಲ್ಲಿ ಬಹಳ ಬೇಗ ಏರುತ್ತವೆ. ನಿಧಾನವಾಗಿ ಎದ್ದ ಗಂಟಾದರೆ ಡಾಕ್ಟರು ಕೇಳಲಿ ಬಿಡಲಿ, ಮೀನು ಸಾಕಿದ್ದೇನೆಂದು ಮೊದಲೇ ಹೇಳಿಬಿಡಿ.

ನನ್ನ ಗೆಳೆಯರು ಐದು ತಿಂಗಳು ಮಾತ್ರೆ ನುಂಗಿದರು. ಬೆರಳು ಉಳಿಯಿತು, ಪೂರ್ತಿ ಮಡಚುತ್ತದೆ, ಗಿಣ್ಣಿನ ಮೇಲೆ ಕಂದು ಕಲೆಯೊಂದು ಇದೆ. ತೊಟ್ಟಿ ಈಗಲೂ ಅವರ ಹಜಾರದಲ್ಲೇ ಇದೆ. ಪ್ರತಿ ಭಾನುವಾರ ಉದ್ದನೆಯ ನೀಲಿ ಗ್ಲೌಸು ಹಾಕಿಕೊಂಡು ನೀರು ಬದಲಿಸುತ್ತಾರೆ. ಆ ವೇಷದಲ್ಲಿ ಅವರನ್ನು ಕಂಡ ಪಕ್ಕದ ಮನೆಯ ಮಗು ‘ಆಪರೇಷನ್ ತಾತ’ ಎಂದು ಹೆಸರಿಟ್ಟಿದೆ. ಇಡೀ ಬೀದಿಗೆ ಈಗ ಅದೇ ಹೆಸರು.