ಬಿಳಿ ಗುಳಿಗಿ

ಔಷಧ ‘ಹೊಂದಲಿಲ್ಲ’ ಎಂಬ ಮಾತು ನಮ್ಮ ಸಂಗೊಳ್ಳಿ ಕಡೆ ಮನುಷ್ಯರಿಗೂ ಉಂಟು, ಎತ್ತಿಗೂ ಉಂಟು. ನಾಯಿಗೂ ಉಂಟೆಂದು ನನಗೆ ಗೊತ್ತಾದದ್ದು ಮಲ್ಲ್ಯಾನ ಹೊಟ್ಟೆ ನೋಡಿದ ಮೇಲೆ.

ಮಲ್ಲ್ಯಾ ಮುಧೋಳ ತಳಿಯವನು. ತನ್ನ ಜಾತಿ 2005ರಲ್ಲೇ ಅಂಚೆಚೀಟಿ ಏರಿದೆ ಎಂಬ ಹಮ್ಮೇನೂ ಇರಲಿಲ್ಲ. ಮಲಪ್ರಭೆಯ ದಂಡೆಯಲ್ಲಿ ಮೊಲದ ಬೆನ್ನು ಹತ್ತಿ, ತಂತಿಬೇಲಿಗೆ ತೊಡೆ ಸೀಳಿಸಿಕೊಂಡು ಬಂದಿದ್ದ. ಸಲ್ಫಾ ಎಂದು ಆಮೇಲೆ ತಿಳಿದ ಬಿಳಿ ಗುಳಿಗೆ ಶುರುವಾಯಿತು. ಗಾಯ ಮಾಯುತ್ತ ಬಂತು. ಹತ್ತನೆಯ ದಿನ ಕೂದಲಿಲ್ಲದ ಕಿಬ್ಬೊಟ್ಟೆಯಲ್ಲಿ, ಕಿವಿಯ ಒಳಮೈಯಲ್ಲಿ ಕೆಂಪು ದದ್ದು. ಬಾಗಿಲ ಹೊಸ್ತಿಲಿಗೆ ಹೊಟ್ಟೆ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಿದ್ದ.

“ದೃಷ್ಟಿ ಆಗೇತಿ,” ಅಂದಳು ಅವ್ವ. “ಸುಟ್ಟ ಆಯಿಲ್ ಬಡಿಯೋ,” ಅಂದ ಕಾಕಾ. ನಾಯಿ ಅದನ್ನು ನೆಕ್ಕಿದರೆ ಕಜ್ಜಿಗಿಂತ ಮೊದಲು ನಾಯಿಯೇ ಹೋದೀತು! ಡಾಕ್ಟರು ಬಂದು ಮೊದಲು ಗುಳಿಗೆ ನಿಲ್ಲಿಸಿದರು. ಸಲ್ಫಾವನ್ನು ಸಾಧುಮಾಡಿ ಹೊರಹಾಕುವ ಒಂದು ಕಿಣ್ವ ನಮ್ಮ ಪಿತ್ತಜನಕಾಂಗದಲ್ಲಿದೆ, ನಾಯಿಗಳಿಗೆ ಅದಿಲ್ಲ. ಹಾಗಾಗಿ ಕೆಲವು ನಾಯಿಗಳ ಮೈ ಔಷಧದ ಮೇಲೇ ತಿರುಗಿಬೀಳುತ್ತದೆ. ಡಾಬರ್‌ಮನ್‌ಗಳಲ್ಲಿ ಇದು ಹೆಚ್ಚು. ಅದೂ ವಾರ ಕಳೆದ ಮೇಲೆ. ಅಷ್ಟೊತ್ತಿಗೆ ನಾವು ಹುಲ್ಲು, ಹುಳ, ನೆರೆಮನೆಯವರ ಕಣ್ಣು ಎಲ್ಲವನ್ನೂ ಬೈದು ಮುಗಿಸಿರುತ್ತೇವೆ.

ಮರುವರ್ಷ ಜನವರಿ, ರಾಯಣ್ಣನ ಉತ್ಸವದ ಗದ್ದಲದಲ್ಲಿ ಮಲ್ಲ್ಯಾ ಗಾಜು ತುಳಿದ. ಬೈಲಹೊಂಗಲದ ಡಾಕ್ಟರ ಹತ್ತಿರ ಒಯ್ದೆ.

“ಮೊದ್ಲ ಯಾವ ಔಷಧ ಹೊಂದಿಲ್ರೀ?”

“ಬಿಳಿ ಗುಳಿಗಿರಿ.”

“ಬಿಳಿ ಇರಲಾರದ ಗುಳಿಗಿ ಯಾವುದ್ರೀ?”

ನಗು ಬಂತು, ಆಮೇಲೆ ನಾಚಿಕೆ. ಅದೇ ಔಷಧ ಮತ್ತೆ ಹೊಟ್ಟೆಗೆ ಹೋದರೆ ಈ ಸಲ ದದ್ದು ವಾರ ಕಾಯುವುದಿಲ್ಲ ಎಂದರು ಅವರು. ನನ್ನ ಸಕ್ಕರೆ ಕಾಯಿಲೆಗೆ ಪ್ಲಾಸ್ಟಿಕ್ ಫೈಲಿದೆ, ಟ್ರ್ಯಾಕ್ಟರಿಗೂ ಇದೆ. ಮಲ್ಲ್ಯಾನ ಬಗ್ಗೆ ನನ್ನ ಹತ್ತಿರ ಇದ್ದದ್ದು ಒಂದು ಬಣ್ಣ!

ಅವ್ವನಿಗೆ ಫೋನು ಹಚ್ಚಿದೆ. “ಖಾಲಿ ಚೀಟಿ ಒಗದಿಲ್ಲಪಾ, ಗ್ವಾದಲಿ ಮ್ಯಾಲಿನ ಮಾಡದಾಗ ಐತಿ.” ಅವಳಿಗೆ ಓದು ಬಾರದು. ಪಕ್ಕದ ಮನೆಯ ಹುಡುಗಿಯನ್ನು ಕರೆದು ಓದಿಸಿದಳು. ಹರಿದ ಬೆಳ್ಳಿ ಹಾಳೆಯ ಮೇಲೆ ಉಳಿದಿದ್ದಷ್ಟನ್ನೇ ಹುಡುಗಿ ಶಾಲೆಯ ರಾಗದಲ್ಲಿ ಒಂದೊಂದಾಗಿ ಹೇಳಿದಳು: ಎಸ್… ಯು… ಎಲ್… ಡಾಕ್ಟರು ಅಷ್ಟಕ್ಕೇ ತಲೆಯಾಡಿಸಿ, ಬೇರೆ ಔಷಧ ಬರೆದರು.

ಮನೆಗೆ ಬಂದವನೇ ಕೆಮ್ಮಣ್ಣಿನಿಂದ ದನದ ಕೊಟ್ಟಿಗೆಯ ಗೋಡೆಗೆ ಆ ಹೆಸರು ಬರೆದೆ. ದೀಪಾವಳಿಗೆ ಅವ್ವ ಸುಣ್ಣ ಬಳಿಯುವಾಗ ಗೇಣುದ್ದ ಜಾಗ ಬಿಟ್ಟು ಸುತ್ತ ಬಳಿದಿದ್ದಳು.