ಅತನೂರದ ಎದುರುಗಾಳಿ

ಅಫಜಲಪುರ ತಾಲೂಕಿನ ಅತನೂರದ ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿ. ತೊಗರಿ, ಜೋಳದ ಹೊಲಗಳು. ಬೆಟ್ಟಗಳಿಲ್ಲದ ಈ ಸೀಮೆ ಸೈಕಲ್ ಸವಾರನಿಗೆ ಸುಲಭವೆಂದು ತೋರುವುದು ಸಹಜ. ಆದರೆ ಇಲ್ಲಿ ಗಾಳಿಯೇ ಬೆಟ್ಟ. ಆಷಾಢದಲ್ಲಿ ಅಫಜಲಪುರದ ಕಡೆಗೆ ಮುಖ ಮಾಡಿ ಹೊರಟರೆ ಇಳಿಜಾರಿನಲ್ಲಿಯೂ ಪೆಡಲು ತುಳಿಯಬೇಕು. ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ನಾಲ್ಮಡಿಯಾಗುತ್ತದೆಂಬ ಪಾಠ ನನಗೆ ಅರ್ಥವಾದದ್ದು ತೊಡೆಗಳ ನೋವಿನಿಂದ.

ತರಬೇತಿಯ ಮೊದಲ ದಿನಗಳಲ್ಲೊಮ್ಮೆ, ನಸುಕಿನಲ್ಲಿ ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ನನ್ನನ್ನು ತಡೆದರು.

“ಎತ್ತ ಹೊಂಟಿ ತಮ್ಮಾ?”

“ಅಫಜಲಪುರ ತನಕ ಹೋಗಿ ಬರ್ತೀನ್ರಿ ಕಾಕಾ.”

“ಏನರೆ ಕೆಲ್ಸ ಅದೇನು?”

“ಇಲ್ರಿ.”

ಅವರು ಬಹಳ ಹೊತ್ತು ನನ್ನ ಕಾಲುಗಳನ್ನೇ ನೋಡಿದರು.

ಭೀಮೆಯಾಚೆಯ ವಿಜಯಪುರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲಾರರು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿನ ಸೈಕ್ಲಿಂಗಿನ ತವರು. ರೈತರ ಮಕ್ಕಳು, ಹೆಣ್ಣುಮಕ್ಕಳೂ ಸಹ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಏರಿದ್ದಾರೆ. ಆ ಭಾಗದ ಸವಾರರೊಡನೆ ಮೊದಲ ಬಾರಿ ರಸ್ತೆ ಸ್ಪರ್ಧೆಗಿಳಿದಾಗ ಗುಂಪಿನ ನೀತಿಯನ್ನು ಕಂಡೆ. ಮುಂದಿನವನ ಚಕ್ರಕ್ಕೆ ಒಂದು ಮೊಳದಷ್ಟು ಹತ್ತಿರ ಸಾಗಿದರೆ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಸರದಿ ಬಂದಾಗ ಮುಂದೆ ಬಂದು ಗಾಳಿಗೆ ಎದೆಯೊಡ್ಡಬೇಕು. ಒಂಟಿಯಾಗಿ ಕಲಿತವನಿಗೆ ಅಪರಿಚಿತನ ಚಕ್ರವನ್ನು ಅಷ್ಟು ನಂಬುವುದು ತುಳಿಯುವುದಕ್ಕಿಂತ ಕಠಿಣ. ಸುಮಾರು 20 ಕಿ.ಮೀ. ಕಳೆಯುವಷ್ಟರಲ್ಲಿ ಗುಂಪು ದೂರವಾಯಿತು. ಕೊನೆಯವನಾಗಿಯಾದರೂ ಗುರಿ ಮುಟ್ಟಿದೆ. ಅಂದು ಅದೇ ಬೇಕಾಗಿತ್ತು.

ಈಚೆಗೆ ಅತನೂರದ ಶಾಲಾ ಬಾಲಕನೊಬ್ಬ ತನ್ನ ತಂದೆಯ ಹಳೆಯ ಸೈಕಲ್ಲಿನಲ್ಲಿ ನನ್ನ ಬೆನ್ನು ಹತ್ತುತ್ತಾನೆ. ಒಂದು ಮೊಳದ ಲೆಕ್ಕವನ್ನು ಅವನಿಗೆ ಯಾರೂ ಕಲಿಸಿದಂತಿಲ್ಲ.